ಸಹಾಯ ಬೇಕು: ಲಕ್ರಾಸ್ ಪಂದ್ಯಕ್ಕೆ ಹೋಗ್ತಿದ್ದೀವಿ, ಎಲ್ಲಿ ಕೂರೋದು?

ನಮಸ್ಕಾರ. ಬಾಲ್ಟಿಮೋರ್ ಕಡೆಯವರು ಯಾರಾದ್ರೂ ಹೋಮ್‌ವುಡ್ ಫೀಲ್ಡ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿ ಹುಡುಗರ ಲಕ್ರಾಸ್ (ತುದಿಗೆ ಬಲೆ ಇರೋ ಕೋಲಿನಲ್ಲಿ ಚೆಂಡು ಹಿಡಿದು ಎಸೆಯೋ ಆಟ) ನೋಡಿದ್ದೀರಾ? ನಮ್ಮ ಮಾವ ಮಡಿಕೇರಿಯಿಂದ ಬಂದಿದ್ದಾರೆ. ಹಾಕಿ ಅಂದ್ರೆ ಪ್ರಾಣ. ಮೇರಿಲ್ಯಾಂಡ್ ಯೂನಿವರ್ಸಿಟಿ ಜೊತೆ ಹಾಪ್ಕಿನ್ಸ್ ಪೈಪೋಟಿ 1895ರಷ್ಟು ಹಳೇದು ಅಂದಿದ್ದೇ ತಡ, ಆ ಪಂದ್ಯಕ್ಕೇ ಕರ್ಕೊಂಡು ಹೋಗಿ ಅಂತ ಹಟ.

ತಂಡಕ್ಕೆ 10 ಜನ, 15 ನಿಮಿಷದ ನಾಲ್ಕು ಕ್ವಾರ್ಟರ್, 80 ಸೆಕೆಂಡಿನ ಶಾಟ್ ಕ್ಲಾಕ್ (ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಗೋಲಿಗೆ ಹೊಡೀಬೇಕು), ಇಷ್ಟು ಗೊತ್ತು. ಗೋಲಿಗೆ ಹೊಡೆದ ಚೆಂಡು ಆಚೆ ಹೋದ್ರೆ, ಅದು ಗೆರೆ ದಾಟುವಾಗ ಹತ್ತಿರ ಇದ್ದವನ ತಂಡಕ್ಕೇ ಸಿಗುತ್ತಂತೆ. ಹೊಡೆದವರಿಗೇ ವಾಪಸ್ ಬರಬಹುದು! ಮಾವ ಇದನ್ನ ಇನ್ನೂ ಒಪ್ಪಿಲ್ಲ.

ಟಿವಿಯಲ್ಲಿ ನೋಡಿದ್ರೆ ಚೆಂಡೇ ಕಾಣಲ್ಲ. ಮಧ್ಯದಲ್ಲಿ ಮೇಲೆ ಕೂತ್ರೆ ಆಟ ಅರ್ಥ ಆಗುತ್ತಾ, ಗೋಲಿನ ಪಕ್ಕಾನೇ ವಾಸಿನಾ? ಗಟ್ಟಿ ರಬ್ಬರ್ ಚೆಂಡು, ಜೊತೆಗೆ ಚಿಕ್ಕ ಮಗಳು ಬೇರೆ ಇರ್ತಾಳೆ. ಆಟ ನಡೀತಿರುವಾಗಲೇ ಆಟಗಾರರು ಓಡಿ ಬಂದು ಓಡಿ ಹೋಗ್ತಾರೆ, ಯಾರನ್ನ ನೋಡ್ತಾ ಇರಬೇಕು? ಕಂಬಳಿ, ಫ್ಲಾಸ್ಕ್‌ನಲ್ಲಿ ಕಾಫಿ ಒಳಗೆ ಬಿಡ್ತಾರಾ? ಕಾಫಿ ಇಲ್ಲದಿದ್ರೆ ಮಾವ ಎರಡನೇ ಕ್ವಾರ್ಟರಿಗೇ ಎದ್ದುಬಿಡ್ತಾರೆ. ಹೋಗಿ ಬಂದವರು ದಯವಿಟ್ಟು ಹೇಳಿ.