ಪದಚರ್ಚೆ: ‘ಸಿಂಗಲ್’ಗೆ ‘ಬಿಡಿ ಹಾಡು’, ‘ಬಿ ಸೈಡ್’ಗೆ ‘ಕುಮ್ಕಿ’ ಅಂದ್ರೆ ನಡೆಯುತ್ತಾ?

ಗೆಳೆಯರಿಗೆ ನಮಸ್ಕಾರ.

ಹೋದ ಭಾನುವಾರ ಒಂದು ಪದದ ದೆಸೆಯಿಂದ ನಮ್ಮಲ್ಲಿ ಜಗಳ ಆಯಿತು. ಅದಕ್ಕೇ ಈ ಪತ್ರ.

ನಾವು ಆರು ಜನ ಮೈಸೂರಿನ ಒಂದೇ ಕಾಲೇಜಿನಲ್ಲಿ ಓದಿದವರು. ಎಲ್ಲರಿಗೂ ಐವತ್ತು ದಾಟಿದೆ. ಆಗ ಒಂದೇ ಟೇಪ್‌ರೆಕಾರ್ಡರ್ ಸುತ್ತ ಕೂತು ಪೆಟ್ ಶಾಪ್ ಬಾಯ್ಸ್ ಅನ್ನೋ ಬ್ರಿಟನ್ನಿನ ಪಾಪ್ ಜೋಡಿಯ ಹಾಡು ಕೇಳುತ್ತಿದ್ದೆವು. ನೀಲ್ ಟೆನಂಟ್ ಹಾಡೋದು, ಕ್ರಿಸ್ ಲೋ ಕೀಬೋರ್ಡಿನ ಹಿಂದೆ ಕಂಬದ ಹಾಗೆ ನಿಂತಿರೋದು. 1981ರಲ್ಲಿ ಲಂಡನ್ನಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪರಿಚಯವಾದವರು, ಇವತ್ತಿಗೂ ಜೊತೆ ಬಿಟ್ಟಿಲ್ಲ. ನಾವೂ ಬಿಟ್ಟಿಲ್ಲ. ತಿಂಗಳಿಗೊಂದು ಭಾನುವಾರ ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಈ ಸಲ ಒಂದು ಆಟ ಇಟ್ಟುಕೊಂಡೆವು. ಈ ಜೋಡಿಯ ಹತ್ತು ಒಳ್ಳೆಯ ಸಿಂಗಲ್‌ಗಳನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. ಕನ್ನಡದಲ್ಲೇ ಬರೆಯಬೇಕು ಅನ್ನೋದು ನನ್ನ ಹಟ.

ಚೀಟಿ ಬಿಚ್ಚಿದರೆ ಮಂಡ್ಯದ ಗೆಳತಿಯ ಚೀಟಿಯಲ್ಲಿ ಮೊದಲನೆಯದೇ ‘ಕಿಂಗ್ಸ್ ಕ್ರಾಸ್’. ಬ್ಯಾಂಕಿನ ಗೆಳೆಯ ತಕ್ಷಣ ಕೆಂಪು ಪೆನ್ನು ತೆಗೆದ.

“ಇದು ಲೆಕ್ಕಕ್ಕಿಲ್ಲ. ಇದು ಸಿಂಗಲ್ಲೇ ಅಲ್ಲ.”

“ಅದ್ಯಾಕ್ ಅಲ್ಲ? ಒಂದೇ ಹಾಡು ತಾನೆ ಅದು? ಎರಡೈತಾ?”

ಎಲ್ಲರೂ ನಕ್ಕೆವು. ಆಮೇಲೆ ಯೋಚನೆ ಮಾಡಿದರೆ ತಪ್ಪು ಅವಳದ್ದಲ್ಲ. ಅವಳ ಪಾಲಿಗೆ ‘ಸಿಂಗಲ್’ ಅಂದರೆ ಒಂದು. ಪಾಪ್ ಹಾಡಿನವರಿಗೆ ಅದು ಆಲ್ಬಮ್ಮಿನಿಂದ ಬೇರೆಯಾಗಿ ಮಾರಾಟಕ್ಕೆ ಬಿಡೋ ಹಾಡು. ಅವಳು ಕೇಳಿದ್ದು 1987ರ ‘ಆ್ಯಕ್ಚುಯಲಿ’ ಕ್ಯಾಸೆಟ್ಟು, ಅದೂ ಮತ್ತೊಬ್ಬರಿಂದ ತುಂಬಿಸಿಕೊಂಡದ್ದು. ಕ್ಯಾಸೆಟ್ಟಿನಲ್ಲಿ ಹಾಡುಗಳು ಸಾಲಾಗಿ ಬರುತ್ತವೆ. ಅವುಗಳಲ್ಲಿ ‘ಇಟ್ಸ್ ಎ ಸಿನ್’, ‘ರೆಂಟ್’, ‘ಹಾರ್ಟ್’ ಬೇರೆ ಬೇರೆ ಪ್ಲೇಟಾಗಿ ಅಂಗಡಿಗೆ ಬಂದವು, ಕೊನೆಯಲ್ಲಿರೋ ‘ಕಿಂಗ್ಸ್ ಕ್ರಾಸ್’ ಹಾಗೆ ಬರಲಿಲ್ಲ ಅಂತ ಮಂಡ್ಯದ ಮನೆಯಲ್ಲಿ ಕೂತ ಹುಡುಗಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಿವಿಗೆ ಆ ವ್ಯತ್ಯಾಸ ಬೀಳಲೇ ಇಲ್ಲ. ವ್ಯತ್ಯಾಸ ಇಲ್ಲದ ಮೇಲೆ ಪದ ಎಲ್ಲಿಂದ ಹುಟ್ಟಬೇಕು, ಅಲ್ವಾ?

‘ಸಿಂಗಲ್’ ಪದವನ್ನೇ ಇಟ್ಟುಕೊಂಡರಾಯಿತು ಅಂತ ನೀವು ಅನ್ನಬಹುದು. ನನಗೂ ತಕರಾರಿಲ್ಲ. ಆದರೆ ಅದು ಕನ್ನಡಕ್ಕೆ ಬಂದು ಆಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ಹೋಟೆಲಿನಲ್ಲಿ ‘ಸಿಂಗಲ್ ಇಡ್ಲಿ ವಡೆ’. ಮದುವೆ ಆಗದವನು ‘ಸಿಂಗಲ್’. ಸಿನಿಮಾದವರು ಈಚೆಗೆ ‘ಮೊದಲ ಸಿಂಗಲ್’ ಅಂತ ಬಿಡುತ್ತಾರೆ, ಅದು ನಮ್ಮ ಅರ್ಥಕ್ಕೆ ಹತ್ತಿರ. ನನ್ನ ಅಮ್ಮ ಮಾತ್ರ ಅದನ್ನು ಪೇಪರಿನಲ್ಲಿ ಓದಿ, “ಸಿಂಗಲ್ ಅಂದ್ರೆ ಒಬ್ಬರೇ ಹಾಡಿರೋದಾ? ಡ್ಯುಯೆಟ್ ಅಲ್ಲ ಅಂತಾನಾ?” ಅಂತ ಕೇಳಿದರು. ಅದೂ ಸರಿಯಾದ ಪ್ರಶ್ನೆಯೇ.

ನನಗೆ ‘ಬಿಡಿ’ ಹೊಳೆದದ್ದು ಜಗಳದ ಮಾರನೇ ದಿನ, ದೇವರಾಜ ಮಾರುಕಟ್ಟೆಯಲ್ಲಿ. ಹೂವಿನ ಸಾಲಿನಲ್ಲಿ ನಿಂತಿದ್ದೆ. ಹೂವಿನವರು ತಲೆ ಎತ್ತದೇ ಕೇಳಿದರು: “ಬಿಡಿನಾ, ಕಟ್ಟಿದ್ದಾ?” ಒಂದು ಕಡೆ ಬುಟ್ಟಿಯಲ್ಲಿ ಬಿಡಿ ಮಲ್ಲಿಗೆ, ತೂಕದ ಮೇಲೆ. ಇನ್ನೊಂದು ಕಡೆ ಬಾಳೆಪಟ್ಟೆಯ ನಾರಿನಲ್ಲಿ ಕಟ್ಟಿ ಸುತ್ತಿಟ್ಟ ಮಲ್ಲಿಗೆ, ಮೊಳದ ಲೆಕ್ಕ. ಅವರು ಮೊಣಕೈಯಿಂದ ಬೆರಳಿನ ತುದಿವರೆಗೆ ಅಳೆದು, ಕೊನೆಯಲ್ಲಿ ನಾಲ್ಕು ಹೂ ಜಾಸ್ತಿ ಬಿಟ್ಟು ನಾರು ಹರಿದರು. ನಾನು ದುಡ್ಡು ಕೊಡೋದು ಮರೆತು ನಿಂತಿದ್ದೆ. ಹೂವು ಅದೇ. ಬಿಡಿಯಾಗಿ ಕೊಂಡರೆ ಒಂದು ಬಗೆ, ಕಟ್ಟಿದ್ದು ಕೊಂಡರೆ ಇನ್ನೊಂದು ಬಗೆ. ಸಿಂಗಲ್ಲಿಗೂ ಆಲ್ಬಮ್ಮಿಗೂ ಇರೋ ಸಂಬಂಧ ಇದೇ ಅಲ್ವಾ?

ಆ ‘ಬಿಡು’ ಅನ್ನೋ ಧಾತುವನ್ನು ಹಿಡಿದುಕೊಂಡು ಹೋದರೆ ಇನ್ನೂ ರುಚಿ. ಹಾಡನ್ನು ಮಾರುಕಟ್ಟೆಗೆ ಬಿಡುತ್ತಾರೆ, ಅದು ಬಿಡುಗಡೆ. ಗಿಡ ಹೂ ಬಿಡುತ್ತದೆ. ಗಿಡದಿಂದ ನಾವು ಹೂ ಬಿಡಿಸುತ್ತೇವೆ. ಚಿತ್ರಾನ್ನದ ಅನ್ನ ಬಿಡಿಬಿಡಿಯಾಗಿರಬೇಕು. ಎಲ್ಲದರಲ್ಲೂ ಗುಂಪಿನಿಂದ ಈಚೆ ಬಂದು ತಾನೇ ನಿಲ್ಲೋ ಗುಣ ಇದೆ. ಸಂಸ್ಕೃತದ ‘ಮುಕ್ತಕ’ವೂ ಇದೇ ಯೋಚನೆ, ಹಿಂದೆ ಮುಂದೆ ಪದ್ಯ ಇಲ್ಲದೆ ತಾನೇ ಪೂರ್ತಿಯಾಗೋ ಪದ್ಯ. ಆದರೆ ಪಾಪ್ ಹಾಡಿಗೆ ಮುಕ್ತಕ ಅಂದರೆ ಅದಕ್ಕೆ ಪಂಚೆ ಉಡಿಸಿದ ಹಾಗೆ. ಬಿಡಿ ಸಾಕು.

ಬಳಸಿ ನೋಡಿದೆ. ‘ವೆಸ್ಟ್ ಎಂಡ್ ಗರ್ಲ್ಸ್’ ಬಿಡಿ ಹಾಡಾಗಿ ಎರಡು ಸಲ ಬಂತು. 1984ರಲ್ಲಿ ಮೊದಲು ಬಂದಾಗ ಬ್ರಿಟನ್ನಿನಲ್ಲಿ ಅಷ್ಟೇನೂ ಸದ್ದು ಮಾಡಲಿಲ್ಲ. ಹೊಸದಾಗಿ ರೆಕಾರ್ಡ್ ಮಾಡಿ 1985ರಲ್ಲಿ ಮತ್ತೆ ಬಿಟ್ಟರು. 1986ರ ಜನವರಿಯಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ, ಮೇ ತಿಂಗಳಿಗೆ ಅಮೆರಿಕದಲ್ಲೂ ಮೊದಲ ಸ್ಥಾನ. ಅದು ಸೇರಿದ್ದ ‘ಪ್ಲೀಸ್’ ಆಲ್ಬಂ ಬಂದದ್ದು ಆ ವರ್ಷದ ಮಾರ್ಚಿನಲ್ಲಿ. ಅಂದರೆ ಮೊದಲು ಬಿಡಿ, ಆಮೇಲೆ ಕಟ್ಟು. ಹೂವಿನ ಲೆಕ್ಕ ಸರಿಹೋಯಿತು. ‘ಹಾರ್ಟ್’ ಹಾಗಲ್ಲ. ಅದು 1987ರ ಆಲ್ಬಮ್ಮಿನಲ್ಲಿ ಆಗಲೇ ಇತ್ತು. ಅದನ್ನು ಬಿಡಿಸಿ, ಸ್ವಲ್ಪ ತಿದ್ದಿ, 1988ರಲ್ಲಿ ಬೇರೆಯಾಗಿ ಬಿಟ್ಟರು. ಅದೂ ಮೊದಲ ಸ್ಥಾನಕ್ಕೆ ಹೋಯಿತು. ಕಟ್ಟಿದ ಹೂವನ್ನು ಯಾರೂ ಬಿಡಿಸಿ ಮಾರೋದಿಲ್ಲ ಅಂತ ನನ್ನವರು ಕೊಂಕು ತೆಗೆದರು. ಸರಿ, ಹೋಲಿಕೆ ಅಲ್ಲಿ ಮುಗ್ಗರಿಸುತ್ತೆ. ಪದ ಮುಗ್ಗರಿಸಲ್ಲ.

ಎರಡು ತೊಡಕು ನನಗೂ ಕಾಣುತ್ತಿವೆ. ಒಂದು, ‘ಬಿಡಿ ಹಾಡು’ ಬರೆದರೆ ಸರಿ, ಆದರೆ ‘ಹಾಡು ಬಿಡಿ’ ಅಂತ ತಿರುಗಿಸಿದರೆ ‘ಹಾಡೋದು ಸಾಕು ಮಾಡಿ’ ಅಂತ ಆಗುತ್ತದೆ. ‘ಬಿಟ್ಟ ಹಾಡು’ ಅಂದರಂತೂ ಕೈಬಿಟ್ಟ ಹಾಡು. ಇನ್ನೊಂದು ಇದಕ್ಕಿಂತ ಗಟ್ಟಿ ಆಕ್ಷೇಪ, ಮಂಡ್ಯದ ಗೆಳತಿಯದು. ಬಿಡಿ ಅಂದರೆ ಉಳಿದದ್ದು, ಚದುರಿದ್ದು ಅನ್ನೋ ಛಾಯೆ ಇಲ್ವಾ? ಸಿಂಗಲ್ ಹಾಗಲ್ಲವಲ್ಲ, ಅದು ಆರಿಸಿ ತೆಗೆದದ್ದು. ಅವಳ ಪದ ‘ಜಲ್ಲೆ’. ಆಲ್ಬಂ ಕಬ್ಬಿನ ಹೊರೆಯಂತೆ. ಸಂಕ್ರಾಂತಿಗೆ ಹೊರೆಯಿಂದ ನೆಟ್ಟಗಿರೋ ಒಂದು ಜಲ್ಲೆ ಆರಿಸಿ ಎಳೆಯುತ್ತೇವಲ್ಲ, ಅದು ಸಿಂಗಲ್ ಅಂತೆ. ಚೆನ್ನಾಗಿದೆ. ಮಂಡ್ಯ ದಾಟಿದರೆ ನಡೆಯುತ್ತೋ ಇಲ್ಲವೋ.

ಇನ್ನು ‘ಬಿ ಸೈಡ್’. ಇಲ್ಲೂ ಕ್ಯಾಸೆಟ್ಟೇ ನಮ್ಮನ್ನು ದಾರಿ ತಪ್ಪಿಸಿದ್ದು. ನಮಗೆ ‘ಬಿ ಸೈಡು’ ಅಂದರೆ ಕ್ಯಾಸೆಟ್ಟು ತಿರುಗಿಸಿ ಹಾಕಿದಾಗ ಬರೋ ಉಳಿದರ್ಧ. ಸಿಂಗಲ್ಲಿನ ಬಿ ಸೈಡು ಅದಲ್ಲ. ಪ್ಲೇಟಿನ ಒಂದು ಮಗ್ಗುಲಲ್ಲಿ ಹೆಸರಾಗಬೇಕಾದ ಹಾಡು, ಇನ್ನೊಂದು ಮಗ್ಗುಲಲ್ಲಿ ಅದರ ಜೊತೆಗೆ ಕೊಡೋ ಹಾಡು. ಅದು ಎಷ್ಟೋ ಸಲ ಆಲ್ಬಮ್ಮಿನಲ್ಲೂ ಇರೋದಿಲ್ಲ. ಪೆಟ್ ಶಾಪ್ ಬಾಯ್ಸ್ ಇದನ್ನು ಉದಾಸೀನ ಮಾಡಿದವರಲ್ಲ. 1995ರಲ್ಲಿ ಬರೀ ಇಂಥ 30 ಹಾಡು ಸೇರಿಸಿ ‘ಆಲ್ಟರ್ನೇಟಿವ್’ ಅಂತ ಎರಡು ಸಿ.ಡಿ. ತಂದರು.

ಹಿಂಬದಿ ಹಾಡು, ಮಗ್ಗುಲ ಹಾಡು, ಕೊಸರು ಹಾಡು, ಎಲ್ಲ ಯೋಚಿಸಿದೆವು. ‘ಕೊಸರು’ ನನಗೆ ಇಷ್ಟ ಆಗಿತ್ತು, ಹೂವಿನವರು ಕೊನೆಗೆ ಬಿಟ್ಟ ಆ ನಾಲ್ಕು ಹೂವಿನ ಹಾಗೆ. ಆದರೆ ಬ್ಯಾಂಕಿನ ಗೆಳೆಯ ಹೇಳಿದ ಪದ ಕೇಳಿ ನಾನು ನನ್ನದನ್ನು ವಾಪಸ್ ತಗೊಂಡೆ. ‘ಕುಮ್ಕಿ.’ ಜಂಬೂ ಸವಾರಿಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆಯ ಅಕ್ಕಪಕ್ಕ ನಡೆಯೋವು ಕುಮ್ಕಿ ಆನೆಗಳು. ಜನ ಕೈ ಮುಗಿಯೋದು ಅಂಬಾರಿಗೆ. ಆದರೆ ಕುಮ್ಕಿ ಇಲ್ಲದೆ ಅಂಬಾರಿ ಹೊರಡೋದಿಲ್ಲ. ಪದದ ಮೂಲ ಪರ್ಷಿಯನ್ನಿನ ‘ಕುಮಕ್’, ಸಹಾಯ ಅಂತ. ನಮ್ಮ ‘ಕುಮ್ಮಕ್ಕು’ ಕೂಡ ಅಲ್ಲಿಂದಲೇ ಬಂದದ್ದು. ಪಾಪ, ಅದು ಈಗ ಪೊಲೀಸ್ ಸುದ್ದಿಯಲ್ಲಿ ಮಾತ್ರ ಉಳಿದುಕೊಂಡಿದೆ, ಕೆಟ್ಟ ಕೆಲಸಕ್ಕೆ ಕೊಡೋದು ಮಾತ್ರ ಕುಮ್ಮಕ್ಕು. ದಕ್ಷಿಣ ಕನ್ನಡದವರಿಗೆ ‘ಕುಮ್ಕಿ’ ಅಂದರೆ ಜಮೀನು ನೆನಪಾಗಬಹುದು. ಅಲ್ಲೂ ಪಟ್ಟಾ ಜಮೀನಿನ ಪಕ್ಕಕ್ಕೆ ಅಂಟಿಕೊಂಡು ಬರೋದೇ ತಾನೆ.

ಈ ಪದ ಗೆಲ್ಲೋದು ಯಾಕೆ ಅಂದರೆ ಮೇಲೇರೋ ದಾರಿಯೂ ಅದರಲ್ಲೇ ಇದೆ. 1986ರಲ್ಲಿ ‘ಸಬರ್ಬಿಯಾ’ ಬಿಡಿ ಹಾಡಿನ ಕುಮ್ಕಿಯಾಗಿ ‘ಪನಿನಾರೋ’ ಬಂತು. ಯಾವಾಗಲೂ ಬಾಯಿ ಬಿಡದ ಕ್ರಿಸ್ ಲೋ ಅದರಲ್ಲಿ ಬಾಯಿ ಬಿಟ್ಟಿದ್ದಾನೆ. ಹಾಡು ಅಭಿಮಾನಿಗಳ ಬಾಯಲ್ಲಿ ಎಷ್ಟು ಉಳಿಯಿತು ಅಂದರೆ, 1995ರಲ್ಲಿ ಅದನ್ನೇ ಹೊಸದಾಗಿ ಮಾಡಿ ತನ್ನದೇ ಬಿಡಿ ಹಾಡಾಗಿ ಬಿಟ್ಟರು. ನಮ್ಮ ಅಭಿಮನ್ಯು ನೆನಪಾಗಲ್ವಾ? ವರ್ಷಗಟ್ಟಲೆ ಮೆರವಣಿಗೆಯಲ್ಲಿ ವಾದ್ಯದವರ ಗಾಡಿ ಎಳೆದ ಆನೆ, 2020ರಲ್ಲಿ ಅಂಬಾರಿ ಹೊತ್ತಿತು. ಅದು ಕುಮ್ಕಿ ಅಲ್ಲ, ಗಾಡಿ ಎಳೆಯೋ ಆನೆ ಅಂತ ಯಾರಾದರೂ ತಿದ್ದುತ್ತೀರಿ. ಗೊತ್ತು. ಮೈಸೂರಿನವರ ಹತ್ತಿರ ಆನೆ ವಿಷಯಕ್ಕೆ ವಾದ ಬೇಡ.

‘ಸಿಂಥ್ ಪಾಪ್’, ಅಂದರೆ ಸಿಂಥಸೈಜರ್ ಮೇಲೆ ಕಟ್ಟಿದ ಇವರ ಬಗೆಯ ಪಾಪ್, ಅದನ್ನು ಹಾಗೇ ಬಿಡೋದು ವಾಸಿ. ಕನ್ನಡಿಸಲು ಹೋದವರ ಗತಿ ನೋಡಿದ್ದೇನೆ. ನನ್ನ ಫೋನು ‘ಪಾಪ್’ ಬರೆದರೆ ‘ಪಾಪ’ ಮಾಡುತ್ತದೆ. ‘ಇಟ್ಸ್ ಎ ಸಿನ್’ ಬಗ್ಗೆ ಬರೆಯೋವಾಗ ಅದೂ ಹೊಂದಿಕೊಂಡಿತು. ‘ಡ್ಯುಯೊ’ಗೆ ‘ಜೋಡಿ’ ಸಾಕು. ರಾಜನ್–ನಾಗೇಂದ್ರ ಅಣ್ಣತಮ್ಮಂದಿರನ್ನು ಮೈಸೂರಿನವರು ಇಷ್ಟು ವರ್ಷ ಜೋಡಿ ಅಂತಲೇ ಕರೆದಿದ್ದೇವೆ. ‘ಯುಗಳ’ ಅಂದರೆ ಗಂಡು ಹೆಣ್ಣು ಮರ ಸುತ್ತೋ ಹಾಡು, ‘ದ್ವಂದ್ವ’ ಅಂದರೆ ಕಚೇರಿ ಅಥವಾ ಮನಸ್ಸಿನ ತೊಳಲಾಟ.

‘ರ‍್ಯಾಂಕ್’ ಬಗ್ಗೆ ಮಾತ್ರ ನನಗಿನ್ನೂ ಸಮಾಧಾನ ಇಲ್ಲ. ‘ಶ್ರೇಯಾಂಕ’ ಅಂದರೆ ಟೆನಿಸ್. ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾದಲ್ಲಿ ಅಮೀನ್ ಸಯಾನಿ ‘ಪಾಯ್ದಾನ್’ ಅನ್ನುತ್ತಿದ್ದರು, ಮೆಟ್ಟಿಲು ಅಂತ. ಎಷ್ಟು ಒಳ್ಳೇ ಪದ! ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಒಂದನೇ ಮೆಟ್ಟಿಲು ಕೆಳಗಿರುತ್ತದೆ. ‘ಒಂದನೇ ಮೆಟ್ಟಿಲಿನ ಹಾಡು’ ಅಂದರೆ ಈಗ ತಾನೇ ಚಪ್ಪಲಿ ಬಿಟ್ಟು ಹತ್ತೋಕೆ ಶುರು ಮಾಡಿದ ಹಾಡು ಅಂತ ಅನ್ನಿಸುತ್ತೆ. ನಾವು ಸದ್ಯಕ್ಕೆ ಮೊದಲನೆಯದಕ್ಕೆ ‘ಅಂಬಾರಿ’ ಅಂದೆವು, ಉಳಿದದ್ದಕ್ಕೆ ಬರೀ ಸಂಖ್ಯೆ.

ಅಂಬಾರಿ ಯಾವುದಕ್ಕೆ ಅನ್ನೋದು ಇನ್ನೊಂದು ಜಗಳ. ಬ್ಯಾಂಕಿನವನು ‘ವೆಸ್ಟ್ ಎಂಡ್ ಗರ್ಲ್ಸ್’ ಬಿಟ್ಟು ಕದಲಲ್ಲ. ನನ್ನದು 1990ರ ‘ಬೀಯಿಂಗ್ ಬೋರಿಂಗ್’. ಅದು ಬ್ರಿಟನ್ನಿನಲ್ಲಿ 20ನೇ ಸ್ಥಾನಕ್ಕೇ ನಿಂತ ಹಾಡು. ಆದರೂ ಅಭಿಮಾನಿಗಳ ಪಟ್ಟಿಯಲ್ಲಿ ಮೇಲೇ ಇರುತ್ತದೆ. ತೀರಿಹೋದ ಗೆಳೆಯರನ್ನು ನೆನೆಯೋ ಹಾಡು ಅದು. ನಮ್ಮ ಟೇಬಲ್ಲಿನಲ್ಲಿ ಮೊದಲು ಏಳು ಕುರ್ಚಿ ಇರುತ್ತಿದ್ದವು, ಅದಕ್ಕೇ ನನಗೆ ಅದು.

ಅದರ ಹೆಸರನ್ನು ಕನ್ನಡಕ್ಕೆ ತರೋಣ ಅಂದರೆ ಅಲ್ಲೂ ಒಂದು ಗಂಟು. ‘ಬೋರ್ ಆಗೋದು’ ಬೇರೆ, ‘ಬೋರ್ ಹೊಡೆಸೋದು’ ಬೇರೆ. ಹಾಡಿನ ಹೆಸರು ಎರಡನೆಯದು. ಮಂಡ್ಯದ ಗೆಳತಿ, “ನಮ್ಮೂರಲ್ಲಿ ಬೋರು ಅಂದ್ರೆ ನೀರು ಕಣ್ರಪ್ಪಾ, ಕೊರೆಸಿದ್ರೆ ಬರ್ತದೆ” ಅಂದಳು. ತಮಾಷೆಗೆ ಅಂದದ್ದು. ಆದರೆ ನೋಡಿ, ಇಂಗ್ಲಿಷಿನಲ್ಲಿ ನೆಲ ಕೊರೆಯೋದಕ್ಕೂ ಜನರನ್ನು ಕೊರೆಯೋದಕ್ಕೂ ಒಂದೇ ಪದ. ಕನ್ನಡದಲ್ಲೂ ಹಾಗೇ, ‘ಸುಮ್ನೆ ಕೊರೀಬೇಡ’ ಅಂತೀವಲ್ಲ! ಇದು ಅಲ್ಲಿಂದ ಬಂದದ್ದಾ, ಇಲ್ಲೇ ಹುಟ್ಟಿದ್ದಾ? ‘ತಲೆ ಕೊರೆಯೋದು’ ಅನ್ನೋ ಬಳಕೆ ಹಳೇ ಬರಹದಲ್ಲಿ ಕಂಡವರು ಇದ್ದರೆ ತಿಳಿಸಿ.

ಹಾಗೇ ಇನ್ನೊಂದು. ನಿಮ್ಮ ಮನೆಯಲ್ಲಿ ಗ್ರಾಮಫೋನ್ ಇದ್ದಿದ್ದರೆ, ಪ್ಲೇಟಿನ ಆ ಕಡೆಯ ಹಾಡಿಗೆ ಹಿರಿಯರು ಏನಂತಿದ್ದರು? ಮುಂದಿನ ಭಾನುವಾರದೊಳಗೆ ಉತ್ತರ ಬಂದರೆ ಒಳ್ಳೆಯದು. ‘ಕಿಂಗ್ಸ್ ಕ್ರಾಸ್’ ಹೊಡೆದುಹಾಕಿದ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ, ಅವಳು ಅದನ್ನು ವಾಪಸ್ ತಗೊಂಡಿಲ್ಲ.