ಟ್ರಕ್ ಹಿಂದೆ ಟ್ರೇಲರ್ ಕಟ್ಟುವ ಮುಂಚೆ: ಹಿಚ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೇಸಿಗೆ ಬಂತು. ಕ್ಯಾಂಪಿಂಗ್ ಟ್ರೇಲರ್, ದೋಣಿ, ಮನೆ ಸಾಮಾನು ಅಂತ ಅಮೆರಿಕ ಕನ್ನಡಿಗರ ನಮ್ಮ ಗುಂಪಿನಲ್ಲಿ ಒಂದೇ ಸಮನೆ ಪ್ರಶ್ನೆಗಳು. ನಮ್ಮ ಸದಸ್ಯೆಯೊಬ್ಬರು ಮಿಷಿಗನ್‌ನಲ್ಲಿ ಪಿಕಪ್ ಟ್ರಕ್‌ಗಳ ರಿಸೀವರ್ ಹಿಚ್ (ಟ್ರೇಲರ್ ಕಟ್ಟಲು ಟ್ರಕ್ ಹಿಂದೆ ಹಾಕುವ ಕಬ್ಬಿಣದ ಜೋಡಣೆ) ಡಿಸೈನ್ ಮಾಡುವ ಇಂಜಿನಿಯರ್. ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಟ್ರಕ್, ಟ್ರೇಲರ್ ವಿವರ ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ಆಸ್ಟಿನ್ ಅರಸೀಕೆರೆ: ಮೇಡಂ, ನಮ್ಮ ಹಾಫ್ ಟನ್ ಟ್ರಕ್ 11,000 ಪೌಂಡ್ ಎಳೆಯುತ್ತದೆ ಅಂತ ಬ್ರೋಷರ್‌ನಲ್ಲಿದೆ. ತುಂಬಿದ ಮೇಲೆ 7,500 ಪೌಂಡ್ ತೂಗುವ ಟ್ರಾವೆಲ್ ಟ್ರೇಲರ್ ನೋಡಿದ್ದೇವೆ. ಆರಾಮಾಗಿ ಆಗುತ್ತೆ ಅಲ್ವಾ?

ಇಂಜಿನಿಯರ್: ಬ್ರೋಷರ್ ಪಕ್ಕಕ್ಕಿಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಎಷ್ಟಿದೆ? ಮತ್ತೆ ಎಷ್ಟು ಜನ ಹೋಗುತ್ತೀರಿ?

ಆಸ್ಟಿನ್ ಅರಸೀಕೆರೆ: 1,480. ನಾವಿಬ್ಬರು, ಇಬ್ಬರು ದೊಡ್ಡ ಮಕ್ಕಳು, ಊರಿಂದ ಅತ್ತೆ ಮಾವ ಬರುತ್ತಿದ್ದಾರೆ.

ಇಂಜಿನಿಯರ್: ಹಾಗಾದರೆ ಆಗಲ್ಲ. ಟ್ರೇಲರ್ ಮೂತಿ ಹಿಚ್ ಮೇಲೆ ಹೇರುವ ಭಾರಕ್ಕೆ ಟಂಗ್ ವೇಟ್ ಅಂತೀವಿ. ಅದು ಟ್ರೇಲರ್ ತೂಕದ ನೂರಕ್ಕೆ 10ರಿಂದ 15 ಇರಲೇಬೇಕು. ನಿಮ್ಮದಕ್ಕೆ ಸುಮಾರು 950 ಪೌಂಡ್ ಅಂತಿಟ್ಟುಕೊಳ್ಳಿ. ಆ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಕಬ್ಬಿಣವೇ 90. ಉಳಿಯುವುದು 440. ಆರು ಜನ ಅಂದರೆ 850 ಪೌಂಡ್ ಎಲ್ಲಿಗೂ ಹೋಗಲ್ಲ. ಇನ್ನೂ ಕುಕ್ಕರ್, ಅಕ್ಕಿ ಲೆಕ್ಕಕ್ಕೇ ಬಂದಿಲ್ಲ. ಇಂಜಿನ್ ಎಳೆಯುತ್ತದೆ, ಸಂಶಯವಿಲ್ಲ. ಹೊರಲು ಆಗದೆ ಇರುವುದು ಹಿಂದಿನ ಆಕ್ಸಲ್, ಟೈರ್ ಮತ್ತು ಸ್ಪ್ರಿಂಗ್.

ಫೀನಿಕ್ಸ್ ಪುತ್ತೂರು: ಅಂದರೆ ಬ್ರೋಷರ್ ಅಂಕಿ ಎಲ್ಲಾ ಸುಳ್ಳು. ಎಲ್ಲ ಕಂಪನಿಗಳೂ ಕಳ್ಳರೇ.

ಇಂಜಿನಿಯರ್: ಸುಳ್ಳಲ್ಲ. ಎಸ್‌ಎಇ ಜೆ2807 ಅನ್ನುವ ಪರೀಕ್ಷಾ ಕ್ರಮವನ್ನು ವಾಹನ ಇಂಜಿನಿಯರ್‌ಗಳ ಸಂಘ ಎಸ್‌ಎಇ 2008ರಲ್ಲಿ ತಂತು. ಅದಕ್ಕೂ ಮುಂಚೆ ಪ್ರತಿ ಕಂಪನಿ ತನಗೆ ತೋಚಿದ ಹಾಗೆ ಅಂಕಿ ಬರೆಯುತ್ತಿತ್ತು, ಅದು ನಿಜ. ಈಗ ಅರಿಜೋನಾದ ಡೇವಿಸ್ ಡ್ಯಾಮ್ ಏರು, 11.4 ಮೈಲಿ, ಎಸಿ ಪೂರ್ತಿ ಹಾಕಿಕೊಂಡು, ವೇಗ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ನೀವು ಫೀನಿಕ್ಸ್‌ನಲ್ಲೇ ಇದ್ದೀರಿ, ಹೋಗಿ ನೋಡಿ ಬನ್ನಿ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರುವುದು ಡ್ರೈವರ್ ಮತ್ತು ಪಕ್ಕದಲ್ಲಿ ಒಬ್ಬರು, ತಲಾ 150 ಪೌಂಡ್. ಅತ್ತೆ ಮಾವ ಇಲ್ಲ.

ಹ್ಯೂಸ್ಟನ್ ಹಾಸನ: ಹಿಚ್ ಮೇಲೆ ಕೂರುವ ಗುಂಡು, ಅಂದರೆ ಬಾಲ್, ನನ್ನ ಹತ್ತಿರ 2 ಇಂಚಿನದು ಇದೆ. ಬಾಡಿಗೆ ಟ್ರೇಲರ್ ಮೂತಿಯಲ್ಲಿ ಬಾಲ್ ಹಿಡಿಯುವ ಕಪ್ಲರ್ 2 5/16 ಇಂಚು. ಕೂರುತ್ತೆ, ಸ್ವಲ್ಪ ಸಡಿಲ ಅಷ್ಟೆ. ರಬ್ಬರ್ ಟ್ಯೂಬ್ ಸುತ್ತಿದರೆ ಸರಿಹೋಗುತ್ತಾ?

ಇಂಜಿನಿಯರ್: ಬೇಡ. ಕೂತ ಹಾಗೆ ಕಾಣುತ್ತದೆ, ಲ್ಯಾಚ್ ಕೂಡ ಬೀಳುತ್ತದೆ. ಮೊದಲ ಗುಂಡಿಗೆ ಕಳಚಿಕೊಂಡು ಎದುರು ಲೇನಿಗೆ ಹೋಗುತ್ತದೆ. ಬಾಲ್ ತಲೆ ಮೇಲೆ, ಕಪ್ಲರ್ ಮೇಲೆ ಅಳತೆ ಒತ್ತಿರುತ್ತದೆ. ಎರಡೂ ಒಂದೇ ಇರಬೇಕು.

ಸಿಯಾಟಲ್ ಶಿರಸಿ: ದೋಣಿ ಟ್ರೇಲರ್ ಪ್ರತಿಸಲ ನೀರಿಗಿಳಿಸುತ್ತೇವೆ. ವೀಲ್ ಬೇರಿಂಗ್‌ಗೆ ಎಷ್ಟು ದಿನಕ್ಕೊಮ್ಮೆ ಗ್ರೀಸ್ ತುಂಬಬೇಕು?

ಅಟ್ಲಾಂಟಾ ಅಂಕೋಲಾ: ನನ್ನ ಟ್ರಕ್ ಬ್ರೋಷರ್‌ನಲ್ಲಿ 9,500 ಪೌಂಡ್ ಇದೆ. 7,000 ಪೌಂಡಿನ ಟ್ರೇಲರ್ ಎಳೆಯಬಹುದಾ?

ಇಂಜಿನಿಯರ್: ಮೇಲೆ ಓದಿ.

ಡಲ್ಲಾಸ್ ಮಂಡ್ಯ: ನಮ್ಮೂರಲ್ಲಿ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಾರೆ. ಸ್ಟಿಕರ್ ಓದಿಕೊಂಡು ಯಾರೂ ಕೂರಲ್ಲ. ಇಲ್ಲಿ ಎಲ್ಲದಕ್ಕೂ ಹೆದರಿಸುತ್ತಾರೆ.

ಫೀನಿಕ್ಸ್ ಪುತ್ತೂರು: ಆ ಟ್ರೇಲರ್‌ಗಳು ರಸ್ತೆ ಬದಿ ಮಗುಚಿ ಬಿದ್ದಿರುವುದನ್ನು ನೀವು ನೋಡಿಲ್ಲವೇನೋ.

ಡಲ್ಲಾಸ್ ಮಂಡ್ಯ: ನೋಡಿದ್ದೀನಿ. ಎತ್ತಿ ನಿಲ್ಲಿಸಿದ್ದೀನಿ ಕೂಡ. ನೀವು ಕರಾವಳಿಯವರು, ಕಬ್ಬಿನ ಬಗ್ಗೆ ನಿಮಗೇನು ಗೊತ್ತು?

ಇಂಜಿನಿಯರ್: ಜಗಳ ಬಿಡಿ, ಹೋಲಿಕೆಯೇ ತಪ್ಪು. ಕಬ್ಬಿನ ನಾಲ್ಕು ಚಕ್ರದ ಟ್ರೇಲರಿಗೆ ಮುಂದೆಯೂ ಒಂದು ಆಕ್ಸಲ್ ಇರುತ್ತದೆ, ಅದು ತಿರುಗುತ್ತದೆ. ಭಾರ ಎಲ್ಲ ಅದರದೇ ಚಕ್ರಗಳ ಮೇಲೆ. ಟ್ರ್ಯಾಕ್ಟರ್ ಹುಕ್ಕಿನ ಮೇಲೆ ಬೀಳುವುದು ಬರೀ ಎಳೆತ. ಜೊತೆಗೆ ಅದರ ವೇಗ ಎಷ್ಟು? ಟ್ರೇಲರ್ ಓಲಾಟ ವೇಗದ ಜೊತೆ ಬೆಳೆಯುತ್ತದೆ. ಒಂದು ವೇಗದವರೆಗೆ ತಾನೇ ಅಡಗುತ್ತದೆ, ಅದನ್ನು ದಾಟಿದರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಟ್ರ್ಯಾಕ್ಟರ್ ಆ ವೇಗ ಮುಟ್ಟುವುದೇ ಇಲ್ಲ. ನೀವು ಹೈವೇಯಲ್ಲಿ 70ರಲ್ಲಿ ಹೋಗುತ್ತೀರಿ.

ಟ್ಯಾಂಪಾ ತುಮಕೂರು: ಫಾರ್ವರ್ಡ್ ಅಲ್ಲ, ಉಪಯುಕ್ತ ಮಾಹಿತಿ. "1. ಟ್ರಕ್ ಹಿಂಭಾಗ ಕುಸಿದರೆ ಸಾಮಾನನ್ನು ಟ್ರೇಲರ್ ಹಿಂಭಾಗಕ್ಕೆ ಸರಿಸಿ. 2. ಟ್ರೇಲರ್ ಓಲಾಡಿದರೆ ಗ್ಯಾಸ್ ಒತ್ತಿ, ನೇರವಾಗುತ್ತದೆ. 3. ಬಾಲ್‌ಗೆ ತೆಂಗಿನೆಣ್ಣೆ ಹಚ್ಚಿ. ಎಲ್ಲರಿಗೂ ಕಳಿಸಿ."

ಇಂಜಿನಿಯರ್: ಇದು ಫಾರ್ವರ್ಡೇ. ಯಾರಿಗೂ ಕಳಿಸಬೇಡಿ. ಮೊದಲನೆಯದು ಮಾಡಿದರೆ ಮೂತಿ ಹಗುರಾಗುತ್ತದೆ, ಓಲಾಟ ಅಲ್ಲಿಂದಲೇ ಶುರು. ಎರಡನೆಯದು ಮಾಡಿದರೆ ಮೊದಲನೆಯದು ಶುರು ಮಾಡಿದ್ದು ಮುಗಿಯುತ್ತದೆ. ಓಲಾಡಿದರೆ ಗ್ಯಾಸ್ ಮೇಲಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಟ್ರಕ್ ಬ್ರೇಕ್ ತುಳಿಯಬೇಡಿ. ಟ್ರೇಲರ್ ಬ್ರೇಕ್ ನಡೆಸಲು ಡ್ರೈವರ್ ಹತ್ತಿರ ಇರುವ ಬ್ರೇಕ್ ಕಂಟ್ರೋಲರ್‌ನಲ್ಲಿ ಕೈಯಿಂದ ಒತ್ತುವ ಲಿವರ್ ಇರುತ್ತದೆ, ಅದರಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಹಿಂದಿನಿಂದ ಜಗ್ಗಿದ ಹಾಗಾಗಿ ಸಾಲು ನೇರವಾಗುತ್ತದೆ. ತೆಂಗಿನೆಣ್ಣೆಯಿಂದ ಅಪಾಯವಿಲ್ಲ, ಉಪಯೋಗವೂ ಇಲ್ಲ. ಗ್ರೀಸ್ ಹಚ್ಚಿ.

ಟ್ಯಾಂಪಾ ತುಮಕೂರು: ಒಳ್ಳೆಯದಕ್ಕೆ ಹಾಕಿದ್ದು ಮೇಡಂ. ಇಷ್ಟು ಸಿಟ್ಟು ಯಾಕೆ?

ಡೆನ್ವರ್ ಧಾರವಾಡ: ಅಕ್ಕಾರ, ನಂದೊಂದು ಸಣ್ಣ ವಿಷಯ ರೀ. ಸೆಕೆಂಡ್ ಹ್ಯಾಂಡ್ ಟ್ರಕ್, ರಿಸೀವರ್ ಹಿಂದಿನ ಮಾಲೀಕರು ಹೊರಗಡೆ ಹಾಕಿಸಿದ್ದು. ಲೇಬಲ್ ಮೇಲೆ 5,000 ಪೌಂಡ್, ಟಂಗ್ 500 ಅಂತ ಇದೆ. ನಾನು ಎಳೆಯುವುದು 3,500 ಪೌಂಡಿನ ಪಾಪ್‌ಅಪ್ ಕ್ಯಾಂಪರ್ ಮಾತ್ರ. ಇತ್ತೀಚೆಗೆ ಬ್ರೇಕ್ ಹಾಕಿದರೆ ಟಕ್ ಅಂತ ಸದ್ದು. ಕೆಳಗೆ ನೋಡಿದರೆ ವೆಲ್ಡ್ ಪಕ್ಕ ಕಂದು ಬಣ್ಣದ ಗೆರೆ. ಬರೀ ತುಕ್ಕು ಇರಬಹುದು. ಪಕ್ಕದ ಮನೆಯವರು ವೆಲ್ಡರ್, ಒಂದು ಗೆರೆ ಎಳೆದುಕೊಡ್ತೀನಿ ಅಂದಿದ್ದಾರೆ. ಫೋಟೋ ಹಾಕಿದ್ದೀನಿ.

ಇಂಜಿನಿಯರ್: ಫೋಟೋ ನೋಡಿದೆ. ಕ್ಯಾಂಪರ್ ಕಟ್ಟಬೇಡಿ. ವೆಲ್ಡ್ ಕೂಡ ಮಾಡಿಸಬೇಡಿ. ಮೊದಲು ಒಂದು ಹೇಳಿ: ಸೈಕಲ್ ರ‍್ಯಾಕ್ ಏನಾದರೂ ಹಾಕುತ್ತೀರಾ?

ಡೆನ್ವರ್ ಧಾರವಾಡ: ಹೌದು ರೀ, ನಾಲ್ಕು ಇ-ಬೈಕ್. ಬೇಸಿಗೆ ಪೂರ್ತಿ ಅದೇ ಕೆಲಸ. ಟ್ರೇಲ್ ತನಕ ಮಣ್ಣು ರಸ್ತೆ. ಅದು ಬರೀ 300 ಪೌಂಡ್, ಟಂಗ್ ಲಿಮಿಟ್ 500 ಅಲ್ವಾ?

ಇಂಜಿನಿಯರ್: ಅನುಮಾನ ಬಂದಿದ್ದೇ ಅದಕ್ಕೆ. ಸ್ವಲ್ಪ ಉದ್ದ ಬರೆಯುತ್ತೇನೆ, ರ‍್ಯಾಕ್ ಇರುವವರೆಲ್ಲ ಓದಿ.

ರಿಸೀವರ್ ಅಂದರೆ ಬಂಪರ್ ಕೆಳಗೆ ಅಡ್ಡ ಹೋಗುವ ಒಂದು ಕೊಳವೆ. ಎರಡು ತುದಿಗೂ ಪಕ್ಕದ ಪ್ಲೇಟ್, ಪ್ಲೇಟಿನಿಂದ ಬೋಲ್ಟ್ ಮೂಲಕ ಚಾಸಿಗೆ. ನಡುವೆ ಚೌಕದ ಬಾಯಿ. ಆ ಬಾಯಿಯಲ್ಲಿ ಏನೇ ತೂಗಿದರೂ ಅಡ್ಡ ಕೊಳವೆ ತಿರುಚಿಕೊಳ್ಳುತ್ತದೆ. ತಿರುಚು ಎಷ್ಟು ಅನ್ನುವುದನ್ನು ಭಾರ ಒಂದೇ ತೀರ್ಮಾನಿಸಲ್ಲ, ದೂರವೂ ಸೇರಬೇಕು. ತುಂಬಿದ ಕೊಡ ಸೊಂಟದ ಮೇಲಿದ್ದರೆ ಬಾವಿಯಿಂದ ಮನೆವರೆಗೆ ನಡೆಯಬಹುದು, ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಆಗಲ್ಲ.

ಲೆಕ್ಕ ನೋಡಿ. ಬಾಲ್ ಕೊಳವೆಯಿಂದ ಹೆಚ್ಚುಕಡಿಮೆ ಒಂದಡಿ ಹಿಂದೆ. 500 ಪೌಂಡ್ ಟಂಗ್ ಅಂದರೆ 500 ಅಡಿ-ಪೌಂಡ್ ತಿರುಚು. ನಿಮ್ಮ ರ‍್ಯಾಕ್‌ನಲ್ಲಿ ನಾಲ್ಕು ಬೈಕಿನ ಭಾರದ ನಡುಬಿಂದು ಮೂರು ಅಡಿ ಹಿಂದೆ ಇರುತ್ತದೆ. 300 ಪೌಂಡ್, ಮೂರು ಅಡಿ: 900. ನಿಂತಲ್ಲೇ ಲೇಬಲ್ ಲಿಮಿಟ್ಟಿನ ಹತ್ತಿರ ಹತ್ತಿರ ಎರಡರಷ್ಟು. ಟ್ರೇಲರಿಗಾದರೆ ಅದರದೇ ಚಕ್ರಗಳಿವೆ, ಮೂತಿ ಮನಸ್ಸಿಗೆ ಬಂದ ಹಾಗೆ ಕುಣಿಯಲ್ಲ. ರ‍್ಯಾಕ್ ಗಾಳಿಯಲ್ಲಿ ನೇತಾಡುತ್ತದೆ. ಮಣ್ಣು ರಸ್ತೆಯ ಪ್ರತಿ ಏರಿಳಿತಕ್ಕೂ ಕೆಳಗೆ ಬಗ್ಗಿ ಮೇಲೆ ಚಿಮ್ಮುತ್ತದೆ. ಅಷ್ಟು ಸಲ ಕೊಳವೆ ತಿರುಚಿ ಬಿಡುತ್ತದೆ.

ನಾವು ಲ್ಯಾಬಿನಲ್ಲಿ ಹಿಚ್ ಕಟ್ಟಿ, ಹೈಡ್ರಾಲಿಕ್ ಸಿಲಿಂಡರ್‌ನಿಂದ ಲಕ್ಷಗಟ್ಟಲೆ ಸಲ ಜಗ್ಗಿ ಒತ್ತುತ್ತೇವೆ. ಕೊಳವೆಯ ನಡುಭಾಗ ಒಡೆಯುವುದು ಅಪರೂಪ. ಬಿರುಕು ಬಿಡುವುದು ವೆಲ್ಡ್ ಮುಗಿದು ಸಾದಾ ಕಬ್ಬಿಣ ಶುರುವಾಗುವ ಅಂಚಿನಲ್ಲಿ, ಅದರಲ್ಲೂ ಕೊಳವೆ ಪ್ಲೇಟಿಗೆ ಕೂಡುವ ಮೂಲೆಯಲ್ಲಿ. ನಿಮ್ಮ ಗೆರೆ ಸರಿಯಾಗಿ ಅಲ್ಲೇ ಇದೆ. ಬರೀ ತುಕ್ಕು ಆಗಿದ್ದರೆ ತೇಪೆ ತೇಪೆಯಾಗಿ ಹರಡುತ್ತಿತ್ತು. ಇದು ಕೂದಲಿನಷ್ಟು ಸಣ್ಣ ಗೆರೆ, ಎರಡೂ ಕಡೆ ಪೇಂಟ್ ಚೆನ್ನಾಗಿದೆ, ಗೆರೆಯಿಂದ ಮಾತ್ರ ಕಂದು ನೀರು ಇಳಿದಿದೆ. ಬಿರುಕಿನೊಳಗೆ ನೀರು ಹೋಗಿ, ಒಳಗಿನ ಕಬ್ಬಿಣ ಉಜ್ಜಿಕೊಂಡು ಹೊರಬರುವ ಬಣ್ಣ ಅದು.

ಖಾತ್ರಿ ಮಾಡಿಕೊಳ್ಳಿ. ತಂತಿ ಬ್ರಷ್‌ನಿಂದ ಪೇಂಟ್ ತೆಗೆಯಿರಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನೆಟ್ರಂಟ್ ಕಿಟ್ ಸಿಗುತ್ತದೆ. ಕೆಂಪು ಬಣ್ಣ ಸ್ಪ್ರೇ ಮಾಡಿ, ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಪುಡಿ ಸ್ಪ್ರೇ ಮಾಡಿ. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಎದ್ದು ಬರುತ್ತದೆ.

ಡಲ್ಲಾಸ್ ಮಂಡ್ಯ: ಇಷ್ಟೆಲ್ಲ ಯಾಕೆ? ಒಳ್ಳೆ ವೆಲ್ಡರ್ ಆದರೆ ಮೊದಲಿಗಿಂತ ಗಟ್ಟಿ ಮಾಡುತ್ತಾನೆ. ನಾನು ಎಷ್ಟೋ ಮಾಡಿಸಿದ್ದೀನಿ.

ಇಂಜಿನಿಯರ್: ಬಿರುಕಿನ ಬುಡದವರೆಗೆ ಕೆತ್ತಿ ತೆಗೆಯದೆ ಮೇಲೊಂದು ಗೆರೆ ಎಳೆದರೆ, ಬಿರುಕು ಒಳಗೇ ಇರುತ್ತದೆ. ಕಣ್ಣಿಗೆ ಕಾಣಲ್ಲ ಅಷ್ಟೆ. ಪಕ್ಕದ ಕಬ್ಬಿಣಕ್ಕೂ ಕಾವು ತಗುಲಿ ಹೊಸ ಅಂಚು ಹುಟ್ಟುತ್ತದೆ, ಮುಂದಿನ ಬಿರುಕು ಅಲ್ಲಿ. ಆಮೇಲೆ ಲೇಬಲ್ ಮೇಲಿನ 5,000 ಯಾವುದಕ್ಕೂ ಅನ್ವಯಿಸಲ್ಲ. ಹೊಸ ರಿಸೀವರಿಗೆ ಕೆಲವು ನೂರು ಡಾಲರ್. ಅಷ್ಟಕ್ಕೆ ಹಿಂದೆ ಬರುವ ಕಾರಿನವರ ಜೀವ ಪಣಕ್ಕಿಡುತ್ತೀರಾ?

ಡಲ್ಲಾಸ್ ಮಂಡ್ಯ: ಮಾತು ಎಲ್ಲಿಗೋ ಹೋಯಿತು. ಅನುಭವಕ್ಕೆ ಇಲ್ಲಿ ಬೆಲೆ ಇಲ್ಲ ಬಿಡಿ.

ಹ್ಯೂಸ್ಟನ್ ಹಾಸನ: ಎಲೆಕ್ಟ್ರಿಕ್ ಟ್ರಕ್ ತಗೊಂಡರೆ ಈ ತಲೆನೋವೇ ಇಲ್ಲ. ಟಾರ್ಕ್ ಎಷ್ಟು ಜಾಸ್ತಿ ಗೊತ್ತಾ?

ಫೀನಿಕ್ಸ್ ಪುತ್ತೂರು: ಟಾರ್ಕ್ ಇದೆ, ರೇಂಜ್ ಎಲ್ಲಿದೆ? ಎತ್ತರದ ಟ್ರೇಲರ್ ಕಟ್ಟಿದರೆ ಅರ್ಧ ಆಗುತ್ತದೆ. ಚಾರ್ಜರ್ ಹತ್ತಿರ ಟ್ರೇಲರ್ ಕಳಚಿ, ಮತ್ತೆ ಕಟ್ಟಿ, ಮಕ್ಕಳು ಅಳುತ್ತಾ...

ಹ್ಯೂಸ್ಟನ್ ಹಾಸನ: ಡೀಸೆಲ್ ಹೊಗೆ ಕುಡಿದವರಿಗೆ ಹೀಗೇ ಅನಿಸುವುದು.

ಫೀನಿಕ್ಸ್ ಪುತ್ತೂರು: ರಬ್ಬರ್ ಸುತ್ತಿ ಬಾಲ್ ಕೂರಿಸುವವರು ಪಾಠ ಹೇಳುವುದು ಬೇಡ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ರಿಸೀವರಿಗೂ ಬ್ಯಾಟರಿಗೂ ಸಂಬಂಧವಿಲ್ಲ.

ಸಿಯಾಟಲ್ ಶಿರಸಿ: ಬೇರಿಂಗ್ ಗ್ರೀಸ್ ಬಗ್ಗೆ ಕೇಳಿದ್ದೆ.

ಆಸ್ಟಿನ್ ಅರಸೀಕೆರೆ: ಮೇಡಂ, ಹಿಂದಿನ ಸ್ಪ್ರಿಂಗಿಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದರೆ ಆ 1,480 ಜಾಸ್ತಿ ಆಗುತ್ತಾ? ಅಂಗಡಿಯವರು ಆಗುತ್ತೆ ಅಂದರು.

ಇಂಜಿನಿಯರ್: ಇಲ್ಲ. ಟ್ರಕ್ ಮಟ್ಟಸವಾಗಿ ಕಾಣುತ್ತದೆ. ಆಕ್ಸಲ್, ಟೈರ್ ಅವೇ. ಮುಂದಿನ ಚಕ್ರದಿಂದ ಎದ್ದುಹೋದ ಭಾರವನ್ನು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ವಾಪಸ್ ತರುತ್ತದೆ, ಏರ್ ಬ್ಯಾಗ್ ತರಲ್ಲ. ಸಣ್ಣ ಟ್ರೇಲರ್ ನೋಡಿ, ಅಥವಾ ಅತ್ತೆ ಮಾವ ಇನ್ನೊಂದು ಕಾರಿನಲ್ಲಿ ಬರಲಿ.

ಚಿಕಾಗೊ ಚಿತ್ರದುರ್ಗ: ಹೋದ ಚಳಿಗಾಲ ಹಿಮದಲ್ಲಿ ಸಿಕ್ಕಿಕೊಂಡ ಕಾರನ್ನು ಬಾಲ್‌ಗೆ ಹಗ್ಗ ಕಟ್ಟಿ ಎಳೆದೆವು. ಗಟ್ಟಿ ಇದೆ ಅನಿಸಿತು. ಪರವಾಗಿಲ್ಲ ಅಲ್ವಾ?

ಇಂಜಿನಿಯರ್: ಇನ್ನೊಮ್ಮೆ ಮಾಡಬೇಡಿ. ಝಟಕಾ ಕೊಟ್ಟು ಎಳೆದಾಗ ಬಾಲ್‌ನ ಕುತ್ತಿಗೆ ತುಂಡಾದರೆ, ಹಿಗ್ಗಿದ ಹಗ್ಗ ಅದನ್ನು ಕಾರಿನ ಗಾಜಿನ ಕಡೆಗೆ ಎಸೆಯುತ್ತದೆ. ಜನ ಸತ್ತಿದ್ದಾರೆ. ರಿಸೀವರ್ ಬಾಯಿಗೆ ಹಾಕುವ ಶ್ಯಾಕಲ್ ಮೌಂಟ್, ಅಂದರೆ ಹಗ್ಗ ಕಟ್ಟುವ ಕೊಂಡಿ, ಸಿಗುತ್ತದೆ, ಅದನ್ನು ತಗೊಳ್ಳಿ.

ರಾಲಿ ರಾಯಚೂರು: 12,000 ಪೌಂಡ್ ಬ್ರೋಷರ್, 8,000 ಟ್ರೇಲರ್. ಆಗುತ್ತಾ?

ಇಂಜಿನಿಯರ್: ಬಾಗಿಲ ಸ್ಟಿಕರ್.

ರಾಲಿ ರಾಯಚೂರು: ಒಂದು ಸಾಲು ಬರೆದರೆ ಕೈ ನೋಯುತ್ತಾ?

ಡೆನ್ವರ್ ಧಾರವಾಡ: ಅಕ್ಕಾರ, ಕಿಟ್ ತಂದು ಮಾಡಿದೆ. ಫೋಟೋ ನೋಡ್ರಿ. ಕೆಂಪು ಗೆರೆ ಮೂಲೆಯಿಂದ ಶುರುವಾಗಿ ಪ್ಲೇಟಿನ ಹಿಂದಕ್ಕೂ ಹೋಗಿದೆ. ಬೆರಳುದ್ದ ಇದೆ. ಇನ್ನೊಂದು ಬದಿಯಲ್ಲೂ ಚಿಕ್ಕದೊಂದು ಕಾಣ್ತೈತಿ.

ಇಂಜಿನಿಯರ್: ಎರಡೂ ಬದಿ ಅಂದರೆ ತಿರುಚಿನಿಂದಲೇ ಆದದ್ದು. ಇವತ್ತೇ ಕಳಚಿ. ಗುಜರಿಗೆ ಹಾಕುವ ಮುಂಚೆ ಬಾಯಿಯನ್ನು ಕತ್ತರಿಸಿ ಹಾಕಿ, ಇಲ್ಲದಿದ್ದರೆ ಯಾರೋ ತೊಳೆದು ಪೇಂಟ್ ಹೊಡೆದು ಮಾರುತ್ತಾರೆ. ಹೊಸದರ ಜೊತೆ ಬಂದ ಬೋಲ್ಟ್‌ಗಳನ್ನೇ ಹಾಕಿ, ಹಳೆಯವು ಬೇಡ. ಟಾರ್ಕ್ ರೆಂಚ್‌ನಿಂದ ಕಾಗದದಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಚಾಸಿಯ ರಂಧ್ರಗಳ ಸುತ್ತಲೂ ಇದೇ ಕಿಟ್‌ನಿಂದ ನೋಡಿ. ಅಲ್ಲೂ ಕೆಂಪು ಬಂದರೆ ಹೊಸದನ್ನು ಹಾಕಬೇಡಿ, ಚಾಸಿ ಕೆಲಸದವರಿಗೆ ಮೊದಲು ತೋರಿಸಿ. ರ‍್ಯಾಕ್ ಕೊಳ್ಳುವಾಗ ಅದರ ಕೈಪಿಡಿಯಲ್ಲಿ ಕಚ್ಚಾ ರಸ್ತೆಗೆ ಎಷ್ಟು ಬೈಕ್ ಅಂತ ಇದೆಯಾ ಓದಿ, ಬ್ಯಾಟರಿಗಳನ್ನು ಬಿಚ್ಚಿ ಟ್ರಕ್ ಒಳಗಿಡಿ. ಎರಡು ಬೈಕ್ ಹಿಂದೆ, ಎರಡು ಟ್ರಕ್ ಬೆಡ್‌ನಲ್ಲಿ ಹೋಗಲಿ.

ಡೆನ್ವರ್ ಧಾರವಾಡ: ಆಯ್ತು ರೀ. ಆ ಟಕ್ ಸದ್ದು ಇದರದೇ?

ಇಂಜಿನಿಯರ್: ಇರಬಹುದು, ರಿಸೀವರ್ ಬಾಯಿಯಲ್ಲಿ ಕೂರುವ ಬಾಲ್ ಮೌಂಟ್ ಸಡಿಲ ಇದ್ದರೂ ಬರುತ್ತದೆ. ಹೊಸದು ಹಾಕಿದ ಮೇಲೂ ಬಂದರೆ ಬರೆಯಿರಿ. ನಾನು ಊಟಕ್ಕೆ ಏಳುತ್ತೇನೆ.

ಬಾಸ್ಟನ್ ಬೀದರ್: ತಡವಾಗಿ ಬಂದೆ, ಕ್ಷಮಿಸಿ. ನನ್ನ ಟ್ರಕ್ ಬ್ರೋಷರ್‌ನಲ್ಲಿ 10,000 ಇದೆ...

ಅಡ್ಮಿನ್: ಕಾಮೆಂಟ್ ಬಂದ್ ಮಾಡುತ್ತಿದ್ದೇನೆ.