ಬಿಸಿಯಾದ ಮೇಲೆ ಆಫ್ ಆಗುವ ಪೆಟ್ರೋಲ್ ಕಾರು: ಪಂಪಾ, ಸೆನ್ಸರಾ?

ಹಳೇಗಾಡಿ: ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಆಫ್. ಸ್ವಲ್ಪ ಹೊತ್ತು ಬಾನೆಟ್ ತೆರೆದಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಮೆಕ್ಯಾನಿಕ್ ಫ್ಯೂಯೆಲ್ ಪಂಪ್ ಬದಲಾಯಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?

ಪ್ಲಗ್‌ಪ್ರಿಯ: ಪಂಪ್, ಪ್ಲಗ್, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಎಲ್ಲ ಒಟ್ಟಿಗೆ ಹೊಸದು ಹಾಕಿಸಿಬಿಡಿ ಸಾರ್. ತಲೆನೋವೇ ಇರಲ್ಲ.

ಮೀಟರ್‌ಮಾಮ: ದುಡ್ಡು ಹೋಗುತ್ತದೆ, ತೊಂದರೆ ಉಳಿಯುತ್ತದೆ. ಹಳೇಗಾಡಿಯವರೇ, ಮೊದಲು ಇದು ಹೇಳಿ. ಜರ್ಕ್ ಹೊಡೆದು ಹೊಡೆದು ನಿಲ್ಲುತ್ತದಾ, ಇಲ್ಲ ಕೀ ತಿರುಗಿಸಿದ ಹಾಗೆ ತಟ್ಟನೆ ನಿಲ್ಲುತ್ತದಾ? ಪೆಟ್ರೋಲ್ ಸಾಲದಿದ್ದರೆ ಸಾಮಾನ್ಯವಾಗಿ ಮೊದಲು ಪಿಕಪ್ ಬೀಳುತ್ತದೆ, ಜರ್ಕ್ ಬರುತ್ತದೆ, ಆಮೇಲೆ ಆಫ್. ತಟ್ಟನೆ ಸತ್ತರೆ ಕರೆಂಟಿನ ಕಡೆ ನೋಡಬೇಕು. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ನನ್ನ ಅನುಮಾನ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ.

ಹಳೇಗಾಡಿ: ತಟ್ಟನೆ. ಮುಳ್ಳು ಯಾರು ನೋಡ್ತಾರೆ ಸಾರ್, ಗಾಡಿ ಪಕ್ಕಕ್ಕೆ ಹಾಕೋದೇ ಸಾಕಾಗಿರುತ್ತದೆ.

ಗ್ರೀಸ್‌ಕೈ: ಪಂಪನ್ನು ಅಷ್ಟು ಬೇಗ ಬಿಟ್ಟುಬಿಡಬೇಡಿ. ಅದೂ ಬಿಸಿಗೆ ಕೈ ಕೊಡುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು. ಯಾವಾಗಲೂ ರಿಸರ್ವಿನಲ್ಲೇ ಓಡಿಸಿದರೆ ಬೇಗ ಹಾಳಾಗುತ್ತದೆ. ಪಂಪಿಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಪಂಪ್ ರಿಲೇ ಒಳಗೆ ಬೆಸುಗೆ ಬಿಟ್ಟಿದ್ದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಮೆಕ್ಯಾನಿಕ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕೋಕಾಗಲ್ಲ.

ಮೀಟರ್‌ಮಾಮ: ಅಳೆಯದೆ ಹೇಳಿದ್ದಾರೆ ಗುರು, ಅದಕ್ಕೆ ನನ್ನ ತಕರಾರು. ಪಂಪ್ ಅನ್ನೋದಾದರೆ ಪ್ರೆಶರ್ ಗೇಜ್ ಹಾಕಿ ತೋರಿಸಲಿ. ಪೋರ್ಟ್ ಇಂಜೆಕ್ಷನ್ (ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ, ನಿಮ್ಮ ಗಾಡಿಯ ಮ್ಯಾನುವಲ್ ನೋಡಿಕೊಳ್ಳಿ. ಇನ್ನೊಂದು ಕೆಲಸ ಮಾಡಿ. ಆಫ್ ಆದ ತಕ್ಷಣ, ತಣ್ಣಗಾಗುವ ಮೊದಲೇ, ಗಾಡಿಯ ಕೋಡ್ ಓದುವ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯಿರಿ. ಲೈವ್ ಡೇಟಾದಲ್ಲಿ ಆರ್‌ಪಿಎಂ 200ರ ಆಸುಪಾಸು ಬರಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ಅಂದರೆ ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಕ್ರ್ಯಾಂಕ್ ಸಿಗ್ನಲ್ ಸಿಗುತ್ತಿಲ್ಲ. ಆ ಸಿಗ್ನಲ್ ಇಲ್ಲದೆ ಎಷ್ಟೋ ಗಾಡಿಗಳಲ್ಲಿ ಸ್ಪಾರ್ಕೂ ಇಲ್ಲ, ಇಂಜೆಕ್ಟರೂ ಕೆಲಸ ಮಾಡಲ್ಲ. ಲೈಟ್ ಬರಲಿಲ್ಲ ಅಂತ ಸುಮ್ನಿರಬೇಡಿ, ಲೈಟ್ ಹತ್ತಿಸದೆ ಇಸಿಯು ಬರೆದಿಟ್ಟುಕೊಂಡ ಪೆಂಡಿಂಗ್ ಕೋಡಿನಲ್ಲಿ ಪಿ0335, ಅಂದರೆ ಕ್ರ್ಯಾಂಕ್ ಸೆನ್ಸರಿನ ಕೋಡ್, ಕೂತಿರಬಹುದು. ಅಲ್ಲಿವರೆಗೆ ಬ್ಯಾಟರಿ ವೈರ್ ಬಿಚ್ಚಬೇಡಿ, ಕೋಡ್ ಅಳಿಸಿಹೋದೀತು.

ಹೊಸಡ್ರೈವರ್: ನನ್ನದು ಬೇರೆ ಗೋಳು, ಇಲ್ಲೇ ಕೇಳಲಾ? ಆಫ್ ಆಗಲ್ಲ, ಐಡಲಿನಲ್ಲಿ ನಡುಗುತ್ತದೆ. ಪಿ0302 ಬಂದಿದೆ.

ಗ್ರೀಸ್‌ಕೈ: 2ನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಒಂದೊಂದಕ್ಕೂ ಬೇರೆ ಕಾಯಿಲ್ ಇದ್ದರೆ 2ರದ್ದನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ ನೋಡಿ. ಪಿ0303 ಬಂದರೆ ಕಾಯಿಲೇ ಕಳ್ಳ. ಜಾಗ ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಆಮೇಲೆ ಕಂಪ್ರೆಶನ್. ಲೈಟ್ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ.

ಪ್ಲಗ್‌ಪ್ರಿಯ: ಎಂಜಿನ್ ಓಡುವಾಗ ಪ್ಲಗ್ ವೈರ್ ಒಂದೊಂದೇ ಕಿತ್ತು ನೋಡಿದರೆ ಸಾಕಲ್ವಾ?

ಮೀಟರ್‌ಮಾಮ: ದಯವಿಟ್ಟು ಬೇಡ. ಶಾಕ್ ಹೊಡೆಯುತ್ತದೆ, ಕಾಯಿಲೂ ಹಾಳಾಗಬಹುದು. ಅದರ ಬದಲು ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಎಂಜಿನ್ ಸದ್ದು ಬದಲಾಗಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ.

ಹಳೇಗಾಡಿ: ಇವತ್ತು ಮತ್ತೆ ಆಫ್ ಆಯಿತು. ಸ್ಕ್ಯಾನರ್ ಹಾಕಿದೆ. ಸೆಲ್ಫ್ ಹೊಡೆದಾಗ ಆರ್‌ಪಿಎಂ ಸೊನ್ನೆ. ಕೀ ಆನ್ ಮಾಡಿದಾಗ ಪಂಪ್ ಸದ್ದು ಚೆನ್ನಾಗೇ ಕೇಳಿಸಿತು. ಸೆನ್ಸರ್ ತರಿಸಲಾ?

ಗ್ರೀಸ್‌ಕೈ: ಸರಿ, ಪಂಪಿನ ವಕಾಲತ್ತು ಇಲ್ಲಿಗೆ ಬಿಟ್ಟೆ. ಆದರೆ ಮೊದಲು ಸೆನ್ಸರ್ ಕನೆಕ್ಟರ್ ಬಿಚ್ಚಿ. ಒಳಗೆ ಆಯಿಲ್ ಇಳಿದಿದೆಯಾ, ವೈರ್ ಎಕ್ಸಾಸ್ಟಿಗೆ ತಾಗಿ ಸುಲಿದಿದೆಯಾ ನೋಡಿ. ವೈರ್ ಹೋಗಿದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ಹಾಡು.

ಮೀಟರ್‌ಮಾಮ: ಇಂಡಕ್ಟಿವ್ (ಒಳಗೆ ತಂತಿ ಸುರುಳಿ ಇರುವ) ಸೆನ್ಸರ್ ಆದರೆ ಗಾಡಿ ಸತ್ತ ಹೊತ್ತಿನಲ್ಲೇ, ಬಿಸಿ ಇರುವಾಗಲೇ ಓಮ್ಸ್ ಅಳೆಯಿರಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಗೆ ಓಪನ್ (ತಂತಿ ಕಡಿದ ಹಾಗೆ) ತೋರಿಸಿದರೆ ಸೆನ್ಸರ್ ಹೋಗಿದೆ. ಹಾಲ್ (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ) ಸೆನ್ಸರ್ ಆದರೆ ಓಮ್ಸ್ ನಂಬಬೇಡಿ. ಸಪ್ಲೈ, ಅರ್ಥ್, ಸಿಗ್ನಲ್ ನೋಡಬೇಕು.

ಹಳೇಗಾಡಿ: ಮ್ಯಾನುವಲ್ ಪ್ರಕಾರ ಇಂಡಕ್ಟಿವ್. ನಾಳೆ ಅಳೆದು ಹಾಕುತ್ತೇನೆ. ಪಂಪ್ ಸದ್ಯಕ್ಕೆ ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿದೆ, ಅವರ ಮುಖ ಸಣ್ಣಗಾಯಿತು.